ಅರ್ಧ ಖಾಲಿ ಟ್ರಾಮಿನಲ್ಲಿ ಪಕ್ಕದ ಸೀಟು

ಸ್ಟಾಕ್‌ಹೋಮ್, ಮಾರ್ಚ್ 9

ಮಾನ್ಯ ಯಾಲ್ಮಾರ್ ಅವರೇ,

ನಿಮ್ಮ ಹೆಸರನ್ನು ನಿಮ್ಮ ಕೆಲಸದ ಅಂಗಿಯ ಜೇಬಿನ ಮೇಲೆ ಓದಿಕೊಂಡೆ. ಒಂದು ವರ್ಷದಿಂದ ದಿನಾ ಬೆಳಿಗ್ಗೆ ಲೋಕಲ್ ರೈಲಿನಿಂದ ಇಳಿದು ನೀವು ಹತ್ತುವ ಟ್ರಾಮನ್ನೇ ಹತ್ತುವ ಹಸಿರು ಟೋಪಿಯ ಹುಡುಗಿ ನಾನು.

ಕಳೆದ ತಿಂಗಳು ಟ್ರಾಮ್ ಅರ್ಧ ಖಾಲಿಯಿದ್ದರೂ ನೀವು ಬಂದು ನನ್ನ ಪಕ್ಕದಲ್ಲೇ ಕುಳಿತಿರಿ. ನಮ್ಮಲ್ಲಿ ಹಾಗೆ ಅಪರಿಚಿತರ ಪಕ್ಕ ಯಾರೂ ಕೂರುವುದಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಕೆಂಪಾದ ಮುಖ ನಿಮಗೆ ಕಾಣಬಾರದೆಂದು ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆ. ನಾನು ಇಳಿಯಬೇಕಾದದ್ದು ಇನ್ನೂ ಆರು ನಿಲ್ದಾಣ ಮುಂದೆ. ನನಗೆ ಬೇಸರವಾಯಿತೆಂದು ನೀವು ತಪ್ಪು ತಿಳಿದುಕೊಂಡಿರಬೇಕು, ಅಂದಿನಿಂದ ಟ್ರಾಮಿನ ಹಿಂಭಾಗದಲ್ಲಿ ಕೂರುತ್ತಿದ್ದೀರಿ.

ಇಂದು ನನ್ನ ರೈಲು ತಡವಾಯಿತು. ಓಡಿ ಬಂದಾಗ ನೀವು ಟ್ರಾಮಿನ ಬಾಗಿಲಿಗೆ ಕಾಲು ಅಡ್ಡ ಇಟ್ಟು ನಿಂತಿದ್ದಿರಿ. "ಯಾರಪ್ಪಾ ಅದು, ಕಾಲು ಬೇಕೋ ಬೇಡ್ವೋ?" ಎಂದು ಚಾಲಕಿ ಮೈಕಿನಲ್ಲಿ ಗದರಿದರೂ ತೆಗೆಯಲಿಲ್ಲ. ನಾನು ಹತ್ತಿದ ಮೇಲೆ ನೆಲ ನೋಡುತ್ತ ಹಿಂದಕ್ಕೆ ಹೋದಿರಿ. ಕೆಲಸದಲ್ಲಿ ಇಡೀ ದಿನ ನನ್ನಷ್ಟಕ್ಕೆ ನಾನು ನಗುತ್ತಿದ್ದೆ.

ನಿಲ್ದಾಣದ ಕಾಫಿ ಅಂಗಡಿಯ ಗುನ್ವೋರ್ ಸಂಜೆ ಇದನ್ನೆಲ್ಲ ಕೇಳಿ, "ಅಷ್ಟೊಂದು ಸಾಹಿತ್ಯ ಓದಿದೀಯ, ಒಂದು ನಮಸ್ಕಾರ ಹೇಳೋಕೆ ಬರಲ್ವೇನೇ? ಮಾತು ಬರದಿದ್ರೆ ಬರ್ಕೊಡು, ಬೆಳಿಗ್ಗೆ ಅವನ ಕಾಫಿ ಜೊತೆ ನಾನೇ ಕೊಡ್ತೀನಿ" ಎಂದರು. ಅದಕ್ಕೇ ಈ ಪತ್ರ.

ಇದು ನಿಮ್ಮ ಕೈಸೇರುವ ಬೆಳಿಗ್ಗೆಯೇ 7:42ರ ಟ್ರಾಮಿನಲ್ಲಿ ಮುಂದುಗಡೆ, ಕಿಟಕಿಯ ಬಳಿ ಇರುತ್ತೇನೆ. ನೀವು ಬಂದು ಕುಳಿತರೆ ನನಗೆ ಇಷ್ಟವಾಗುತ್ತದೆ. ಮಾತಾಡಲೇಬೇಕೆಂದೇನೂ ಇಲ್ಲ. ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಿರುತ್ತೇನೆ.

ಇಂತಿ,
ತೀರಾ ಲುಂಡ್‌ಕ್ವಿಸ್ಟ್