ನೆನೆದ ಕವಚ

ಪ್ರೀತಿಯ ತಮ್ಮನಿಗೆ,

ಮಿತ್ರದೇಶ ಉಚಿತವಾಗಿ ಕಳಿಸಿದ ಗುಂಡುನಿರೋಧಕ ಕವಚಗಳನ್ನು ಪರೀಕ್ಷಿಸಿದವಳು ನಾನೇ. ಒಣಗಿದ್ದಾಗ ಒಂದು ಗುಂಡೂ ದಾಟಲಿಲ್ಲ. ನೀರಿನಲ್ಲಿ ನೆನೆಸಿ ಹೊಡೆದಾಗ ಹತ್ತರಲ್ಲಿ ನಾಲ್ಕು ತೂತಾದವು. ಹಾಗೆಯೇ ವರದಿ ಬರೆದೆ. ನಿರ್ದೇಶಕರು ಆ ಹಾಳೆಯನ್ನು ಕಿತ್ತಿಟ್ಟು, "ದಾನ ಕೊಟ್ಟ ಎಮ್ಮೆಯ ಹಲ್ಲು ನೋಡ್ತಾರೇನಮ್ಮ? ಸ್ನೇಹ ಕೆಡುತ್ತೆ, ಸಹಿ ಹಾಕು" ಅಂದರು. ಹಾಕಿಬಿಟ್ಟೆ. ಮೊದಲ ಪೆಟ್ಟಿಗೆಗಳು ನಿಮ್ಮ ತುಕಡಿಗೇ ಹೊರಟಿವೆ ಎಂದು ಆಮೇಲೆ ತಿಳಿಯಿತು.

ನಿನ್ನ ಹಳೆಯ ಕವಚ ಎಷ್ಟೇ ಭಾರವಾದರೂ ವಾಪಸ್ ಕೊಡಬೇಡ. ಅದು ನೆನೆದರೂ ತಡೆಯುತ್ತದೆ. ಜೊತೆಯವರಿಗೆಲ್ಲ ಈ ಕಾಗದ ಓದಿ ಹೇಳು, ನನ್ನ ಹೆಸರು ಮುಚ್ಚಿಡಬೇಡ. ಫೋನ್ ಸಿಗುವ ಜಾಗಕ್ಕೆ ಬಂದಾಗ, ಬೈಯುವುದಕ್ಕಾದರೂ ಒಮ್ಮೆ ಮಾತಾಡು.

ನಿನ್ನ ದಾರಿ ಕಾಯುತ್ತಿರುವ
ಅಕ್ಕ