ಯಾರೂ ತಿನ್ನದ ಪೈ

ಬಾರ್ವಿಕ್, ಆಲ್ಬರ್ಟಾ
ಜುಲೈ ೧೬, ಮಂಗಳವಾರ

ಗೋಪುರದ ತುದಿಯಲ್ಲಿ ಕುಳಿತಿರುವ ನನ್ನ ಮಾರ್ನಿಗೆ, ನೆಲದ ಮೇಲಿರುವ ಅಮ್ಮನ ಮುತ್ತುಗಳು.

ಈ ಕಾಗದ ನಿನ್ನ ಹಿಟ್ಟು, ಮೊಟ್ಟೆ, ಬ್ಯಾಟರಿಗಳ ಜೊತೆ ಹೆಲಿಕಾಪ್ಟರಿನಲ್ಲಿ ಬರುತ್ತದೆಂದು ಅರಣ್ಯ ಇಲಾಖೆಯ ಹುಡುಗಿ ಹೇಳಿದಳು. ವೈರ್‌ಲೆಸ್‌ನಲ್ಲೇ ಸುದ್ದಿ ಮುಟ್ಟಿಸಬಹುದಿತ್ತು. ಆದರೆ ಸುತ್ತಲಿನ ಗೋಪುರಗಳಲ್ಲಿ ನಿನ್ನ ಹಾಗೆ ಕಾಡ್ಗಿಚ್ಚು ಕಾಯುತ್ತ ಕೂತವರೆಲ್ಲ ಬೇಸರಕ್ಕೆ ಅದನ್ನೇ ಕೇಳುತ್ತಿರುತ್ತಾರಂತೆ. ನಿನ್ನ ಕಥೆಯನ್ನು ಊರಿಗೆಲ್ಲ ಕೇಳಿಸಿದ್ದು ಸಾಕು ಎಂದು ಹೇಳಿ ಹೋದವಳು ನೀನು. ಈಗ ಕಾಡಿಗೂ ಕೇಳಿಸುವುದು ಬೇಡ ಅಂತ ಪೆನ್ನು ಹಿಡಿದೆ.

ಮನೆಯ ಸುದ್ದಿ ಮೊದಲು. ಕನೋಲಾ ಹೂ ಬಿಟ್ಟು ಹೊಲವೆಲ್ಲ ಹಳದಿಯಾಗಿದೆ. ಆಲಿಕಲ್ಲು ನಮ್ಮನ್ನು ಬಿಟ್ಟು ಆಲ್ವಿನ್ ಕ್ರುಪಾನ ಬಾರ್ಲಿಯ ಮೇಲೆ ಬಿತ್ತು. ನಿಮ್ಮಪ್ಪ ಸಂತೋಷಪಡುವುದಕ್ಕೂ ನಾಚಿಕೊಂಡು ಬೇಲಿಯ ಈಚೆ ತಲೆ ತಗ್ಗಿಸಿ ಓಡಾಡುತ್ತಿದ್ದಾರೆ. ಅಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಕರುಗಳ ಧಾರಣೆ ಏರಿದೆ, ಹಾಗಾಗಿ ಸಂತೆಕಟ್ಟೆಯಲ್ಲಿ ಹರಾಜು ಕೂಗುವ ನನ್ನ ಗಂಟಲಿಗೆ ಬಿಡುವಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಅದನ್ನು ಓದಲೆಂದೇ ಮೇಲಿನದ್ದನ್ನೆಲ್ಲ ನೀನು ಹಾರಿಸಿರುತ್ತೀಯ.

ಏಪ್ರಿಲ್‌ನಲ್ಲಿ ಹೊರಟು ನಿಂತಾಗ ಗೇಟಿನ ಹತ್ತಿರ ಟ್ರಕ್ಕಿನ ಕಿಟಕಿ ಇಳಿಸಿ ನೀನು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. “ಅಮ್ಮಾ, ಈ ವರ್ಷದ ದೇಣಿಗೆ ಊಟಕ್ಕೂ ಆ ಬೋಳುತಲೆ ಫೋಟೋ ಗೋಡೆ ಮೇಲೆ ಬಂತೋ, ಸೆಪ್ಟೆಂಬರ್‌ನಲ್ಲಿ ಗೋಪುರ ಇಳಿದು ನಾನು ಮನೆಗೆ ಬರಲ್ಲ. ಬೇರೆಲ್ಲಾದ್ರೂ ಹೋಗ್ತೀನಿ.”

“ಏನಾಗಿದೆಯೇ ಆ ಫೋಟೋಗೆ? ಆಸ್ಪತ್ರೆ ಹಾಸಿಗೆ ಮೇಲೂ ಎಷ್ಟು ಮುದ್ದಾಗಿ ನಗ್ತಿದೀಯ!” ಅಂದೆ ನಾನು.

“ಮುದ್ದಾಗಿರೋದು ಆ ಮಗು. ನಾನಲ್ಲ. ಬೀಜದ ಅಂಗಡಿಗೆ ಹೋದ್ರೆ ಯಾರೋ ಹೆಂಗಸು ಬಂದು ನನ್ನ ಕೂದಲು ಸವರಿ ‘ಅಯ್ಯೋ, ಎಷ್ಟು ದಟ್ಟವಾಗಿ ಬಂದಿದೆ’ ಅಂತಾಳೆ. ನನ್ನ ಜೊತೆ ಓಡಾಡ್ತಿದ್ದ ಡೆರಿಕ್‌ನ ಅಮ್ಮ ನನ್ನ ಮುಖ ನೋಡೋಕೆ ಮುಂಚೆ, ಇವಳಿಗೆ ಮಕ್ಕಳಾಗತ್ತಾ ಅಂತ ಅವನನ್ನ ಕೇಳ್ತಾಳೆ. ಏಳನೇ ವಯಸ್ಸಿಂದ ಈ ಊರಿಗೆ ಥ್ಯಾಂಕ್ಸ್ ಹೇಳ್ತಾನೇ ಇದೀನಿ. ನಿನ್ನ ಸಂತೇಲಿ ದನ ಒಂದೇ ಸಲ ಕಟ್ಟೆ ಸುತ್ತಿ ಹೊರಗೆ ಹೋಗತ್ತೆ. ನನ್ನನ್ನ ಮಾತ್ರ ವರ್ಷಾ ವರ್ಷಾ ಸುತ್ತಿಸ್ತೀಯ.”

ನೀರು ಕುಡಿಯದೆ ಮಧ್ಯಾಹ್ನವಿಡೀ ಹರಾಜು ಕೂಗಬಲ್ಲವಳು ನಾನು. ಅಂದು ಮಾತ್ರ, ನಿನ್ನ ಟ್ರಕ್ಕಿನ ಧೂಳು ಇಳಿಯುವವರೆಗೂ ಗೇಟು ಹಿಡಿದೇ ನಿಂತಿದ್ದೆ.

ಅಂದು ಹೊಳೆಯದ ಉತ್ತರವನ್ನು ಈಗ ಕೊಡುತ್ತೇನೆ, ಕೇಳು. ನಾನು ಓದಿದವಳಲ್ಲ. ಸಂತೆಕಟ್ಟೆಯಲ್ಲಿ ಸಗಣಿ ಬಳಿಯುತ್ತಿದ್ದೆ. ಟ್ರಕ್ಕು ಓಡಿಸುವಾಗ ಬೇಲಿಯ ಗೂಟಗಳನ್ನೇ ದನಗಳೆಂದುಕೊಂಡು ಸವಾಲು ಕೂಗಿ ಕೂಗಿ ಮೈಕಿನವರೆಗೆ ಬಂದವಳು. ಆ ದಾರಿಯಲ್ಲಿ ಕಲಿತದ್ದು ಇಷ್ಟೆ: ಕಣ್ಣಿಗೆ ಕಾಣದ ಮಾಲಿಗೆ ಯಾರೂ ಜೇಬಿಗೆ ಕೈ ಹಾಕುವುದಿಲ್ಲ. ರಕ್ತದ ಕ್ಯಾನ್ಸರಿನ ಸಂಶೋಧನೆ ಎಂದರೆ ಏನು ತೋರಿಸಲಿ? ಗಾಜಿನ ತಟ್ಟೆಯೇ? ನಿನ್ನ ಬೋಳುತಲೆಯಾದರೆ ಹಿಂದಿನ ಬೆಂಚಿನವರಿಗೂ ಕಾಣುತ್ತದೆ.

ಎಡ್ಮಂಟನ್‌ನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಇಂಗ್ರಿಡ್ ನಿನಗೆ ನೆನಪಿರಬಹುದು, ಒಮ್ಮೆ ಊಟಕ್ಕೆ ಬಂದು ಅಜ್ಜಿಯ ಕೈಗೆ ಸಿಕ್ಕಿ ಮೂರು ಸಲ ಬಡಿಸಿಕೊಂಡವಳು. ರಕ್ತವನ್ನು ಶುದ್ಧ ಮಾಡಿ ಮಗುವಿನ ಉಳಿದ ಮೈಯನ್ನು ಹಾಳುಗೆಡವದಂಥ ಔಷಧಿ ಹುಡುಕುತ್ತಿದ್ದಾಳೆ. ನಿನ್ನನ್ನು ಉಳಿಸಿದ ಔಷಧಿ ನಿನ್ನ ಬೆರಳ ತುದಿಗಳ ಸ್ಪರ್ಶವನ್ನು ತೆಗೆದುಕೊಂಡು ಹೋಯಿತಲ್ಲ, ಅಂಗಿಯ ಗುಂಡಿ ಹಾಕುವಾಗ ನೀನು ಮನೆಯ ಗೋಡೆಗಳಿಗೆಲ್ಲ ಬೈಯುತ್ತೀಯಲ್ಲ, ಅಂಥದ್ದು ಮುಂದಿನ ಮಕ್ಕಳಿಗೆ ಆಗಬಾರದು ಅಂತ. ಅವಳ ಸಂಬಳದ ಅರ್ಧ ನಮ್ಮ ಊಟದಿಂದಲೇ ಹೋಗುವುದು. ಈ ವರ್ಷ ಅದು ಕಡಿಮೆಯಾದರೆ ಅವಳ ಹುದ್ದೆಯನ್ನೇ ಕೈಬಿಡಬೇಕಾಗುತ್ತದೆಂದು ಅಲ್ಲಿನ ದೊಡ್ಡ ಡಾಕ್ಟರು ಜೂನ್‌ನಲ್ಲಿ ಫೋನ್ ಮಾಡಿದ್ದರು. ತಕ್ಕಡಿಯ ಒಂದು ಕಡೆ ನೀನು, ಇನ್ನೊಂದು ಕಡೆ ಅವಳು. ನಾನೇನು ಮಾಡಲಿ?

ಆ ಫೋಟೋವನ್ನು ಬಾಗಿಲಷ್ಟು ಎತ್ತರಕ್ಕೆ ಮುದ್ರಿಸಿ ತಂದೆ. ನಿಮ್ಮಪ್ಪ ನೋಡಿ, “ಬೇಡ ನೋರೀನ್” ಅಂದರು.

“ಹಂಗಾದ್ರೆ ಇಂಗ್ರಿಡ್ ಸಂಬಳ ಯಾರು ಕೊಡ್ತಾರೆ? ನಿಮ್ಮ ಕನೋಲಾನಾ?” ಅಂದೆ. ಅವರು ಎದ್ದು ಹೊಲಕ್ಕೆ ಹೋದರು. ನಿಮ್ಮಪ್ಪನ ಜಗಳ ಯಾವತ್ತೂ ಹೊಲದಲ್ಲೇ ಮುಗಿಯುವುದು.

ಶನಿವಾರ ಸಮುದಾಯ ಭವನದ ವೇದಿಕೆಯ ಹಿಂದೆ, ನನ್ನ ಬೆನ್ನಿಗೆ ಸರಿಯಾಗಿ, ಅದನ್ನು ತೂಗುಹಾಕಿದೆ. ಹೌದು, ಹಾಕಿದೆ. ಕಾಗದವನ್ನು ಇಲ್ಲೇ ಮುದುರಿ ಎಸೆಯಬೇಡ, ಮುಂದೆ ಓದು.

ಜನ ಚೆನ್ನಾಗಿಯೇ ಸೇರಿದರು. ಪೈರೋಗಿ ಕಡುಬು, ಎಲೆಕೋಸಿನ ಸುರುಳಿ ಎಲ್ಲ ಖಾಲಿಯಾಯಿತು. ಆಮೇಲೆ ಅಜ್ಜಿಯ ಸಾಸ್ಕಟೂನ್ ಹಣ್ಣಿನ ಪೈ ಬಂತು, ಒಳಗಿನ ಹೂರಣ ಕಾಣದ ಹಾಗೆ ಮೇಲೆಲ್ಲ ಬೆಂದ ಹಿಟ್ಟಿನ ಹೊಂಬಣ್ಣದ ಮುಚ್ಚಳ. ನಮ್ಮ ಪದ್ಧತಿ ನಿನಗೆ ಗೊತ್ತು: ಕೊಂಡವನು ದುಡ್ಡು ಕೊಟ್ಟು “ಮತ್ತೆ ಮಾರು” ಅನ್ನಬೇಕು, ಅದನ್ನೇ ಇನ್ನೊಬ್ಬ ಕೊಂಡು ತಾನೂ ಹಾಗೇ ಅನ್ನಬೇಕು. ಒಂದೇ ಪೈ ಸಂಜೆಯಿಡೀ ಮಾರಾಟವಾಗುತ್ತಲೇ ಇರುತ್ತದೆ. ಇದನ್ನು ರೊಡೆಲ್‌ಗೆ ಹೇಳಿಕೊಡಬೇಕೆಂದು ನಮಗೆ ಯಾರಿಗೂ ಹೊಳೆಯಲೇ ಇಲ್ಲ. ರೊಡೆಲ್ ಅಂದರೆ ಟ್ರ್ಯಾಕ್ಟರ್ ರಿಪೇರಿ ಅಂಗಡಿಗೆ ಹೊಸದಾಗಿ ಬಂದ ಫಿಲಿಪೀನ್ಸ್‌ನವನು. ನೀನು ಹೋದ ಮೇಲೆ ಬಂದ.

ಮೊದಲು ಆಲ್ವಿನ್ ಕೊಂಡ. “ಮತ್ತೆ ಮಾರು, ನೋರೀನ್!” ಪೋಸ್ಟಾಫೀಸಿನ ಗ್ವೆನ್ ಕೊಂಡಳು. “ಮತ್ತೆ ಮಾರಮ್ಮ!” ಮೂರನೆಯ ಸುತ್ತಿಗೆ ರೊಡೆಲ್ ಕೈ ಎತ್ತಿದ. ಎತ್ತಿದ ಕೈಯನ್ನು ಇಳಿಸಲೇ ಇಲ್ಲ. ನಾನೂರು ಡಾಲರಿಗೆ ಕೂಗು ಮುಗಿಸಿದೆ. ಚಪ್ಪಾಳೆಯೋ ಚಪ್ಪಾಳೆ.

“ಹೇಳಪ್ಪಾ ರೊಡೆಲ್, ಏನಂತೀಯ?” ಎಂದೆ, ಅವನ ಬಾಯಿಂದ ಆ ಎರಡು ಮಾತು ಬರಲೆಂದು.

“ತುಂಬಾ ಥ್ಯಾಂಕ್ಸ್ ಮೇಡಂ,” ಅಂದ. ಬಂದು, ಪೈಯನ್ನು ಬಾಣಂತಿಯ ಕೈಯಿಂದ ಕೂಸನ್ನು ಎತ್ತಿಕೊಳ್ಳುವವನ ಹಾಗೆ ಎತ್ತಿಕೊಂಡು ಹೋಗಿ ಹೆಂಡತಿಯ ಮುಂದೆ ಇಟ್ಟ. ಅಡುಗೆಮನೆಯಿಂದ ಚಾಕು ತರಿಸಿದ.

ಪೈಗೆ ನಾನೂರು ಡಾಲರ್ ಕೊಟ್ಟವನಿಗೆ ತಿನ್ನಬೇಡ ಅಂತ ಯಾವ ಬಾಯಲ್ಲಿ ಹೇಳುವುದು? ಅಜ್ಜಿ ಮಾತ್ರ ಊರುಗೋಲು ತಡಕಾಡುತ್ತ ಏಳುವುದಕ್ಕೆ ನೋಡುತ್ತಿದ್ದರು. ಅಷ್ಟರಲ್ಲಿ ಚಾಕು ಇಳಿಯಿತು, ಕಟಕಟ ಎಂದಿತು, ಮತ್ತು ಪೈಯೊಳಗಿಂದ ಒಣ ಬೀನ್ಸ್ ಕಾಳುಗಳು ಮೇಜಿನ ಮೇಲೆ, ಮೇಜಿನಿಂದ ನೆಲದ ಮೇಲೆ ಉರುಳಿಕೊಂಡು ಹೋದವು.

ರೊಡೆಲ್ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಕಡಿದು ನೋಡಿದ. ಅವನ ಹೆಂಡತಿ ಅವನ ಕಿವಿಯಲ್ಲಿ ಏನೋ ಅಂದಳು. ಅವನು ಬಹಳ ಮರ್ಯಾದೆಯಿಂದ ಅಡುಗೆಮನೆಯ ಕಡೆ ತಿರುಗಿ, “ಇದು ಇನ್ನೂ ಸ್ವಲ್ಪ ಬೇಯಬೇಕು ಅನ್ಸತ್ತೆ,” ಅಂದ.

ಆಲ್ವಿನ್ ನಕ್ಕ ನಗೆಗೆ ಅವನ ಹಲ್ಲಿನ ಸೆಟ್ಟು ಈಚೆ ಬರುವುದೊಂದು ಬಾಕಿ. “ಎಷ್ಟು ವರ್ಷದಿಂದ ಹಿಂಗೆ, ಸ್ಟೆಫಾ ಅಜ್ಜಿ?”

“ಮೊದಲ್ನೇ ವರ್ಷ ಹಣ್ಣು ಹಾಕಿದ್ದೆ,” ಅಂದರು ಅಜ್ಜಿ, ಒಂದಿಷ್ಟೂ ಅಳುಕದೆ. “ಯಾರೂ ತಿನ್ನದ ಪೈಗೆ ಹಣ್ಣು ಯಾಕೋ ದಂಡ? ಆ ಹಣ್ಣಿನ ಜಾಮನ್ನ ಕ್ರಿಸ್‌ಮಸ್‌ಗೆ ನೆಕ್ಕಿದೋರು ನೀವೇ ಅಲ್ವೇನೋ!”

ಗ್ವೆನ್ ರೊಡೆಲ್‌ನ ಪಕ್ಕ ಕೂತು ಪದ್ಧತಿಯನ್ನು ಬಿಡಿಸಿ ಹೇಳಿದಳು. ಪಾಪ, ಅವನ ಮುಖ ಕೆಂಪಗಾಯಿತು. ಎದ್ದು ನಿಂತು, ದೂರಲ್ಲ, ನಿಜವಾಗಿಯೂ ತಿಳಿದುಕೊಳ್ಳುವುದಕ್ಕೆ ಕೇಳಿದ: “ಹಾಗಾದ್ರೆ ನಾನು ಕೊಂಡಿದ್ದೇನು, ಮೇಡಂ?”

ಮೈಕು ನನ್ನ ಕೈಯಲ್ಲಿತ್ತು. ನಿನ್ನ ಹೆಸರು ನಾಲಿಗೆಯ ತುದಿಗೆ ಬಂತು. ನಾನು ಬಾಯಿ ತೆರೆಯುವ ಮೊದಲೇ ಆಲ್ವಿನ್ ನೆಲದಿಂದ ಒಂದು ಕಾಳು ಹೆಕ್ಕಿ ಎತ್ತಿ ಹಿಡಿದ. ಈಗ ಅವನು ನಗುತ್ತಿರಲಿಲ್ಲ.

“ನಾನು ಕೊಳ್ತಿದ್ದಿದ್ದು ನನ್ನ ತಮ್ಮ ವಾಲ್ಟರ್‌ಗೆ. ಹೈಸ್ಕೂಲ್ ಮುಗಿಸ್ಲಿಲ್ಲ ಅವನು. ಆಗ ಡಾಕ್ಟ್ರು ಮನೆಗೆ ಕರ್ಕೊಂಡು ಹೋಗಿ ಅಂದ್ರು, ಅಷ್ಟೆ. ನೋರೀನ್, ಈ ಒಂದು ಕಾಳಿಗೆ ಐವತ್ತು ಬರ್ಕೋ.”

ವಾಲ್ಟರ್ ಎನ್ನುವವನೊಬ್ಬ ಇದ್ದನೆಂದು ನಿನಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ಬೇಲಿಯಾಚೆಯ ಮನೆ!

ಗ್ವೆನ್ ತನ್ನ ಅಮ್ಮನಿಗೊಂದು ಕಾಳು ಕೊಂಡಳು. ಹಿಂದಿನ ಬೆಂಚಿನಲ್ಲಿ ಯಾವತ್ತೂ ತುಟಿ ಬಿಚ್ಚದ ದನದ ದಲ್ಲಾಳಿ ಬಂದು, ಹೆಸರು ಹೇಳದೆ, ಎರಡು ತೆಗೆದುಕೊಂಡು ಹೋದ. ಜನ ಸಾಲು ನಿಂತರು. ನಾನು ಕೂಗಲಿಲ್ಲ, ಕೂಗುವುದಕ್ಕೆ ಏನೂ ಇರಲಿಲ್ಲ, ಬರೆದುಕೊಳ್ಳುತ್ತ ಕೂತೆ. ಕೊನೆಗೆ ರೊಡೆಲ್ ಬಂದ. “ನಮ್ಮನೇಲಿ ಯಾರಿಗೂ ಬಂದಿಲ್ಲ ಮೇಡಂ, ದೇವರ ದಯೆ. ಆದ್ರೂ ನಂಗೂ ಒಂದಿರ್ಲಿ,” ಅಂದ. ಅವನ ನಾನೂರು ಆಗಲೇ ಜಮಾ ಆಗಿದೆಯೆಂದು ಹೇಳಿ ಅವನಿಗೆ ಪುಕ್ಕಟೆ ಕೊಟ್ಟೆ. ಹರಾಜಿನ ಜೀವನದಲ್ಲಿ ನಾನು ಪುಕ್ಕಟೆ ಕೊಟ್ಟ ಮೊದಲ ಮಾಲು ಅದು.

ಪವಾಡವೇನೂ ನಡೆಯಲಿಲ್ಲ, ಹಾಗೆಲ್ಲ ಅಂದುಕೊಳ್ಳಬೇಡ. ಕಳೆದ ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಕನೋಲಾ ಚೆನ್ನಾಗಿ ಬಂದ ವರ್ಷಗಳಿಗಿಂತ ಸ್ವಲ್ಪ ಕಡಿಮೆ. ಇಂಗ್ರಿಡ್ ಉಳಿದಳು, ಅಷ್ಟು ಸಾಕು.

ಆದರೆ ಸಂಜೆಯಿಡೀ ಒಬ್ಬರೂ ನಿನ್ನ ಹೆಸರೆತ್ತಲಿಲ್ಲ, ಮಾರ್ನಿ. ಸತ್ಯ ಹೇಳುತ್ತೇನೆ, ಮೊದಲು ನನಗೆ ಸಿಟ್ಟು ಬಂತು. ನನ್ನ ಮಗಳ ಊಟ, ಇವರು ನೋಡಿದರೆ ತಮ್ಮ ತಮ್ಮವರಿಗೆ ಹಂಚಿಕೊಂಡು ಕೂತಿದ್ದಾರೆ! ಇಷ್ಟು ವರ್ಷ ನಿನ್ನ ಮುಖ ತೋರಿಸಿ ನಾನು ಮಾರುತ್ತಿದ್ದೆ, ಅವರು ಕೊಳ್ಳುತ್ತಿದ್ದದ್ದು ಬೇರೆಯೇ ಮಾಲು. ನಾನು ಇಂಥ ಲೆಕ್ಕ ತಪ್ಪುವವಳಲ್ಲ.

ಎಲ್ಲ ಹೋದ ಮೇಲೆ ಪೋಸ್ಟರ್ ಇಳಿಸೋಣವೆಂದು ಹಿಂದೆ ತಿರುಗಿದರೆ ಗೋಡೆ ಖಾಲಿ. ಮೊಳೆ ಮಾತ್ರ ಇತ್ತು. ನಿಮ್ಮಪ್ಪ ಜನ ಬರುವ ಮೊದಲೇ ಅದನ್ನು ಸುತ್ತಿ ಟ್ರಕ್ಕಿನಲ್ಲಿ ಹಾಕಿಬಿಟ್ಟಿದ್ದಾರೆ. ಬರಿಗೋಡೆಗೆ ಬೆನ್ನು ಕೊಟ್ಟು ನಾನು ಅಷ್ಟೂ ಹೊತ್ತು ವ್ಯಾಪಾರ ಮಾಡಿದ್ದೆ. ನಿನ್ನ ಷರತ್ತು ಮುರಿಯುವುದಕ್ಕೆ ನಾನು ತಯಾರಾಗಿದ್ದೆ, ಮುರಿಯಲು ಬಿಡದವರು ಅವರು. ಇನ್ನು ಮುಂದೆ ಆ ಫೋಟೋ ಇಲ್ಲ. ಅಚ್ಚು ಹಾಕಿಸಿದ್ದನ್ನೆಲ್ಲ ಒಲೆಗೆ ಹಾಕಿದೆ. ಮುಂದಿನ ವರ್ಷದ ಊಟಕ್ಕೆ ನೀನು ಬಂದರೆ ಪಾತ್ರೆ ತೊಳೆಯುವುದಕ್ಕೆ ಬಾ, ಇಲ್ಲವೇ ತಿನ್ನುವುದಕ್ಕೆ ಬಾ. ವೇದಿಕೆಯಲ್ಲಿ ನಿನಗೆ ಕೆಲಸವಿಲ್ಲ.

ಕೈಗವಸು ಹಾಕಿಕೋ. ಏಣಿಯ ಮೆಟ್ಟಿಲು ತಣ್ಣಗಿದೆಯೋ ಬಿಸಿಯಾಗಿದೆಯೋ ನಿನ್ನ ಬೆರಳು ನಿನಗೆ ಹೇಳುವುದಿಲ್ಲ.

ಕೂಗಿ ಕೂಗಿ ಗಂಟಲು ಕಟ್ಟಿದರೂ ಬರೆಯಲು ಕೈ ಸೋಲದ,
ನಿನ್ನ ಅಮ್ಮ
ನೋರೀನ್

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ನಿಮ್ಮಪ್ಪ ಕಾಗದ ಓದಿದರು. “ಇದೇನಿದು? ನಾನೆಲ್ಲಿ ಪೋಸ್ಟರ್ ಮುಟ್ಟಿದೆ? ಅವಳು ನಾಳೆ ನಂಗೆ ಥ್ಯಾಂಕ್ಸ್ ಬರೆದ್ರೆ ನಾನೇನು ಮಾಡ್ಲಿ? ಮಾಡದ ಕೆಲಸಕ್ಕೆ ಕೂಲಿ ತಗೊಳ್ಳಲ್ಲ ನಾನು” ಅಂತ ಹಟ ಹಿಡಿದು ಕೂತಿದ್ದಾರೆ. ಆದ್ದರಿಂದ ಬರೆಯುತ್ತೇನೆ. ಅದನ್ನು ಇಳಿಸಿದವಳು ನಾನೇ. ತೂಗುಹಾಕಿ, ಕೆಳಗಿಳಿದು, ದೂರ ಹೋಗಿ ಒಮ್ಮೆ ನೋಡಿದೆ, ತಿರುಗಿ ಹತ್ತಿ ಬಿಚ್ಚಿದೆ. ಆಗ ಇನ್ನೂ ಒಬ್ಬರೂ ಬಂದಿರಲಿಲ್ಲ, ಪೈ ಒಡೆದಿರಲಿಲ್ಲ. ಇಂಗ್ರಿಡ್‌ಳನ್ನು ಕೆಲಸ ಬಿಡಿಸಿ ನಾನೇ ಮನೆಗೆ ಕಳಿಸಿದೆನೆಂದು ಊಟವಿಡೀ ದುಡ್ಡಿನ ಡಬ್ಬಿ ಎಣಿಸಿದ್ದೇ ಎಣಿಸಿದ್ದು. ನೀನು ಥ್ಯಾಂಕ್ಸ್ ಹೇಳಬೇಕಾದವರ ಸಾಲಿನಲ್ಲಿ ಕೊನೆಗೆ ನಿನ್ನ ಅಮ್ಮನೂ ಹೋಗಿ ನಿಲ್ಲುವುದು ಬೇಡ ಅಂತ ಅಪ್ಪನ ಹೆಸರು ಹಾಕಿದ್ದೆ. ಈಗ ಗೊತ್ತಾಯಿತಲ್ಲ, ಮರೆತುಬಿಡು. ಸೆಪ್ಟೆಂಬರಿನಲ್ಲಿ ಮನೆಗೆ ಬರಲೇಬೇಕೆಂದು ನಾನು ಕೇಳುತ್ತಿಲ್ಲ. ಬೇರೆ ಕಡೆ ಹೋಗುವುದಾದರೆ ಊರಿನ ಹೆಸರು ಮಾತ್ರ ಬರೆ. ನಾನೇ ಬರುತ್ತೇನೆ.