ರೇಣುಕಾಗೆ ಕೊಡದ ಕುಂಕುಮ

ಪ್ರೀತಿಯ ರಾಮವ್ವಕ್ಕಾ,

ನೀನು, ಸಿದ್ದರಾಯ ಮಾವ, ನಮ್ಮ ಯಜಮಾನರು, ಅಲ್ಲಿ ಮೇಲೆ ದೇವರ ಹತ್ತಿರ ಎಲ್ಲರೂ ಆರಾಮವಾಗಿದ್ದೀರಾ?

ಬಾಗೇವಾಡಿಯಲ್ಲಿ ನಿನ್ನ ಮಗ ಫೌಜದಾರ ಕಲ್ಮೇಶನ ಕಾಲು ಸುಧಾರಿಸುತ್ತಿದೆ. ಗುಂಡು ಹೊಡೆದವನು ಇನ್ನೂ ಸಿಕ್ಕಿಲ್ಲ. ಕಾಲಿಗೆ ವ್ಯಾಯಾಮ ಮಾಡಿಸಲು ವಿಜಾಪುರದಿಂದ ಬರುವ ರೇಣುಕಾಳನ್ನು ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ತಡೆದು, "ಸಾಹೇಬ್ರ ಮನಿಗೆ ದಿನಾ ಒಬ್ಬಾಕೀನ ಹೊಂಟೀಯಲ್ಲಾ, ಅಂಜಿಕಿ ಬರಂಗಿಲ್ಲೇನವಾ?" ಎಂದನಂತೆ.

ಗುಂಡು ಹೊಡೆದವನ ಕಡೆಯವನೇ ಇರಬೇಕು ಎಂದುಕೊಂಡ ಕಲ್ಮೇಶ ಅವಳಿಗೆ ಹೇಳಿಬಿಟ್ಟ.

"ನಾಳಿಂದ ಬರಬ್ಯಾಡ್ರಿ."

"ಮತ್ತ ಮೊಣಕಾಲ ಯಾರು ಮಡಚಸ್ತಾರ್ರಿ?"

"ನಾನ ಮಾಡ್ಕೋತೇನಿ."

"ನೋವಾದಾಗ ಬೈಯಾಕ ಯಾರ್ನ ಹುಡುಕ್ತೀರಿ, ಸಾಹೇಬ್ರ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅವನಂತೆಯೇ ನನ್ನನ್ನು ಚಿಗವ್ವ ಎನ್ನುವ ಹುಡುಗಿ ಮುಂದೆ ಬಂದು ನಿಂತಳು. "ಕುಂಕುಮ ಕೊಡ್ರಿ ಚಿಗವ್ವಾ, ಹೋಗಿ ಬರ್ತೇನಿ."

ಮನೆಯ ಹೆಂಗಸು ಕುಂಕುಮ ಕೊಟ್ಟು ಕಳಿಸಿದರೇ ಮತ್ತೆ ಬಾ ಎಂದಂತೆ. ಗಂಡ ಸತ್ತ ನನ್ನ ಕೈ ನೋಡು, ಭರಣಿಯವರೆಗೆ ಹೋಗಿ ಹಿಂದೆ ಸರಿಯಿತು. ಅವಳು ಹಾಗೇ ಮೆಟ್ಟಿಲಿಳಿದಳು.

ಕಲ್ಮೇಶ ಗೋಡೆ ಹಿಡಿದು ಬಾಗಿಲವರೆಗೆ ನಡೆದ. ಊಟಕ್ಕೆ ಕರೆದರೂ ಒಳಗೆ ಬರುತ್ತಿಲ್ಲ. ಅವಳು ದೂರವಿದ್ದು ಬದುಕಿರಲಿ ಎನ್ನಲೋ, ನಾನೇ ಹೋಗಿ ಕರೆತರಲೋ, ನನಗೆ ತಿಳಿಯದು. ನಿನ್ನ ಮಗ ಅವನು, ನೀನೇ ಹೇಳಬೇಕು. ತಡಮಾಡದೆ ಎರಡು ಸಾಲು ಬರೆ ಅಕ್ಕಾ.

ನಿನ್ನ ತಂಗಿ,
ಹೊನ್ನವ್ವ